ನಮ್ಮ ಮಲ್ನಾಡನ್ನ ಒಂದೊಂದು ಸ್ಟ್ರಾಟೆಜಿ ಗೇಮ್ ಒಂದೊಂದು ಥರ ನೋಡತ್ತೆ

ಶಿವಮೊಗ್ಗ ಕಡೆ ಗೇಮ್ ಆಡೋ ಹುಡುಗ್ರು ಸೇರಿದಲ್ಲೆಲ್ಲ ಈ ಒಂದು ಮಾತು ಬಂದೇ ಬರತ್ತೆ, "ಸಿವಿಲೈಸೇಶನ್ ಆರಾಮಾಗಿ ಆಡ್ತೀನಿ ಮಾರಾಯ, ಆದ್ರೆ ಈ ಯುರೋಪಾ ಯೂನಿವರ್ಸಾಲಿಸ್, ವಿಕ್ಟೋರಿಯಾ ಓಪನ್ ಮಾಡಿದ್ರೆ ಎಂತ ಮಾಡ್ಬೇಕು ಅಂತಾನೇ ಗೊತ್ತಾಗಲ್ಲ, ಸುಮ್ನೆ ಮ್ಯಾಪ್ ನೋಡ್ತಾ ಕೂತಿರ್ತೀನಿ." ಯೂಟ್ಯೂಬಲ್ಲಿ ಗಂಟೆಗಟ್ಲೆ ಟ್ಯುಟೋರಿಯಲ್ ನೋಡಿದ್ರೂ ಈ ಸಮಸ್ಯೆ ಬಗೆಹರಿಯಲ್ಲ, ಯಾಕಂದ್ರೆ ಅವ್ರು ಯಾವ ಬಟನ್ ಒತ್ಬೇಕು ಅಂತ ಹೇಳ್ತಾರೆ, ಗೇಮ್ ನಮ್ಮನ್ನ ಎಂತ ಕೇಳ್ತಾ ಇದೆ ಅಂತ ಹೇಳಲ್ಲ.

ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಲ್ಲಿ ಇವೆಲ್ಲ ಸ್ಟ್ರಾಟೆಜಿ ಅನ್ನೋ ಒಂದೇ ಹೆಸರಿನ ಕೆಳಗೆ ಸಿಗತ್ತೆ, ಸ್ಕ್ರೀನ್‌ಶಾಟಲ್ಲೂ ಎಲ್ಲದ್ರಲ್ಲೂ ಮ್ಯಾಪ್ ಇರತ್ತೆ, ಬಣ್ಣ ಇರತ್ತೆ, ಸೈನ್ಯ ಇರತ್ತೆ. ಆದ್ರೆ ರಾಜ್ಯ ಅಂದ್ರೆ ಎಂತ ಅನ್ನೋ ಪ್ರಶ್ನೆಗೆ ಒಂದೊಂದು ಗೇಮ್ ಕೊಡೋ ಉತ್ತರ ಬೇರೆ. ಒಂದಕ್ಕೆ ರಾಜ್ಯ ಅಂದ್ರೆ ನೆಲ, ಇನ್ನೊಂದಕ್ಕೆ ಮನೆತನ, ಮತ್ತೊಂದಕ್ಕೆ ಅಧಿಕಾರ ಮತ್ತು ಅಕ್ಕಪಕ್ಕದವ್ರ ಸಂಬಂಧ, ಮಗದೊಂದಕ್ಕೆ ಅಲ್ಲಿ ಬದುಕೋ ಜನರ ಕೂಲಿ, ಊಟ, ಬಟ್ಟೆ. ಇದು ತಲೆಗೆ ಹೋದ್ರೆ ಅರ್ಧ ಗೊಂದಲ ಅಲ್ಲೇ ಮುಗೀತು. ಇದನ್ನ ವಿವರಿಸೋಕೆ ನಂಗೆ ಗೊತ್ತಿರೋ ಒಳ್ಳೆ ದಾರಿ ಅಂದ್ರೆ ನಮ್ಗೆಲ್ಲ ಪರಿಚಯ ಇರೋ ಜಾಗಾನೇ ತಗೊಳ್ಳೋದು, ನಮ್ಮ ಮಲ್ನಾಡು. ಇದೇ ಗುಡ್ಡ, ಇದೇ ಕಾಡು, ಇದೇ ಕರಿಮೆಣಸು, ಇದೇ ಬಿದನೂರು, ಇದನ್ನ ಒಂದೊಂದು ಗೇಮಿನ ಕಣ್ಣಿಂದ ನೋಡೋಣ.

ಮೊದ್ಲು ಸಿವಿಲೈಸೇಶನ್, ಚಿಕ್ಕದಾಗಿ ಸಿವ್, ಸಿಡ್ ಮೈಯರ್ 1991ರಲ್ಲಿ ತಂದಿದ್ದು, ಏಳನೇದು 2025ರಲ್ಲಿ ಬಂತು. ಈ ಜಾತಿ ಗೇಮ್‌ಗಳಿಗೆ ಫೋರ್ ಎಕ್ಸ್ ಅಂತಾರೆ, ಹುಡುಕು, ಹರಡು, ಬಳಸ್ಕೋ, ಮುಗಿಸು ಅನ್ನೋ ನಾಲ್ಕು ಕೆಲಸ, ಆ ಹೆಸರು 1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಅನ್ನೋ ಗೇಮ್ ಬಗ್ಗೆ ಅಲನ್ ಎಮ್ರಿಚ್ ಬರೆದ ಲೇಖನದಿಂದ ಬಂದಿದ್ದು. ಸಿವ್ ಕಣ್ಣಿಗೆ ಮಲ್ನಾಡು ಅಂದ್ರೆ ಚದುರಂಗದ ಹಲಗೇಲಿ ಇರೋ ಥರ ಷಟ್ಕೋನದ ಮನೆಗಳು, ಒಂದೊಂದರ ಮೇಲೂ ಗುಡ್ಡ, ಕಾಡು, ನದಿ. ಸಿವ್ 6ರಲ್ಲಿ ವಿಜ್ಞಾನದ ಕ್ಯಾಂಪಸ್ಸನ್ನ ಬೆಟ್ಟದ ಪಕ್ಕ ಕಟ್ಟಿದ್ರೆ ಒಂದೊಂದು ಬೆಟ್ಟಕ್ಕೂ +1 ಸೈನ್ಸ್, ಪಕ್ಕದಲ್ಲಿ ಮಳೆಕಾಡಿನ ಎರಡು ಮನೆ ಇದ್ರೆ ಇನ್ನೊಂದು +1. ಅಂದ್ರೆ ಆಗುಂಬೆ ಥರದ ಜಾಗ ಸಿಕ್ಕಿದ್ರೆ ಆಟಗಾರನಿಗೆ ಲಾಟ್ರಿ ಹೊಡೆದ ಹಾಗೆ. ಅದೇ ಮಳೆಕಾಡನ್ನ ಕಡಿದ್ರೆ ಒಂದೇ ಸಲಕ್ಕೆ ಒಂದಿಷ್ಟು ಊಟ, ಒಂದಿಷ್ಟು ಉತ್ಪಾದನೆ ಕೈಗೆ ಬರತ್ತೆ, ಆಮೇಲೆ ಆ ಮನೆ ಬೋಳು. ಈಗ ಬೇಕೋ, ಮುಂದೆ ಬೇಕೋ ಅನ್ನೋ ಲೆಕ್ಕ ಸಿವ್‌ನ ಜೀವಾಳ, ಅದನ್ನ ಅದು ಬಹಳ ಚೆನ್ನಾಗಿ ಮಾಡತ್ತೆ. ಆದ್ರೆ ಆ ಕಾಡಲ್ಲಿ ಯಾರೋ ಇದ್ರು, ಅವ್ರಿಗೆ ಎಂತ ಆಯ್ತು ಅನ್ನೋದಕ್ಕೆ ಸಿವ್‌ನಲ್ಲಿ ಜಾಗ ಇಲ್ಲ. ಊರಿನ ಜನಸಂಖ್ಯೆ ಅಂದ್ರೆ 7, 8, 9 ಅನ್ನೋ ಅಂಕಿ ಅಷ್ಟೇ, ಆ ಎಂಟನೇವ್ನು ರೈತನೋ ಸಾಹುಕಾರನೋ ಯಾರೂ ಕೇಳಲ್ಲ.

ಸಿವ್ ಸುಲಭ ಅನ್ಸೋಕೆ ಇನ್ನೂ ದೊಡ್ಡ ಕಾರಣ ಎರಡು ಇದೆ. ಅದು ಸರದಿ ಆಟ, ನೀವು ನೆಕ್ಸ್ಟ್ ಟರ್ನ್ ಒತ್ತೋ ತನಕ ಪ್ರಪಂಚ ನಿಂತಿರತ್ತೆ, ಪ್ರತಿ ಸರದೀಲೂ ಯಾವ ಯೂನಿಟ್ಟಿಗೆ ಕೆಲಸ ಬೇಕು ಅಂತ ಅದೇ ತೋರಿಸತ್ತೆ. ಇನ್ನೊಂದು, ಗೆಲ್ಲೋದು ಹೇಗೆ ಅಂತ ಮೊದ್ಲೇ ಹೇಳಿಬಿಡತ್ತೆ, ವಿಜ್ಞಾನದಲ್ಲಿ ಗೆಲ್ಲಿ, ಸಂಸ್ಕೃತೀಲಿ ಗೆಲ್ಲಿ, ಇಲ್ಲಾ ಎಲ್ಲರ ರಾಜಧಾನಿ ಹಿಡೀರಿ. ಪ್ಯಾರಡಾಕ್ಸ್ ಗೇಮಲ್ಲಿ, ಅಂದ್ರೆ ಸ್ಟಾಕ್‌ಹೋಮ್‌ನ ಸ್ವೀಡಿಶ್ ಕಂಪನಿ ಮಾಡೋ ಯುರೋಪಾ, ವಿಕ್ಟೋರಿಯಾ ಥರದ ಗೇಮಲ್ಲಿ, ಇವೆರಡೂ ಇಲ್ಲ. ದಿನ ತಾನಾಗೇ ಓಡ್ತಾ ಇರತ್ತೆ, ಬೇಕಾದಾಗ ನಿಲ್ಲಿಸ್ಬೋದು. ಗೆಲುವು ಅಂತ ಒಂದಿಲ್ಲ, ಕೊನೆ ತಾರೀಕು ಮಾತ್ರ ಇದೆ, ಗುರಿ ನೀವೇ ಇಟ್ಕೋಬೇಕು. ನಮ್ಮ ಹುಡುಗ್ರು ಮ್ಯಾಪ್ ನೋಡ್ತಾ ಸುಮ್ನೆ ಕೂರೋದು ಇದಕ್ಕೇ, ಯಾರೂ ಮುಂದೆ ಏನು ಅಂತ ಹೇಳದೇ ಇರೋ ಆಟ ಅದು.

ಕ್ರುಸೇಡರ್ ಕಿಂಗ್ಸ್ 3ಕ್ಕೆ ಬನ್ನಿ, 2020ರದ್ದು. ಇಲ್ಲಿ ನೀವು ರಾಜ್ಯ ಆಡಲ್ಲ, ಒಬ್ಬ ಮನುಷ್ಯನನ್ನ ಆಡ್ತೀರಿ, ಅವನು ಸತ್ರೆ ಅವನ ವಾರಸುದಾರನನ್ನ ಆಡ್ತೀರಿ. ನಿಮ್ಮ ವಂಶದ ವಾರಸುದಾರ ಒಬ್ಬನೂ ಉಳೀಲಿಲ್ಲ ಅಂದ್ರೆ ಆಟ ಮುಗೀತು, ಖಜಾನೇಲಿ ಎಷ್ಟೇ ಹೊನ್ನಿರಲಿ. 1066ರಲ್ಲಿ ಶುರು ಮಾಡೋ ಆಯ್ಕೆ ಇದೆ, ಅದು ಇಂಗ್ಲೆಂಡಿನ ಯುದ್ಧಕ್ಕೆ ಅಂತ ಇಟ್ಟ ತಾರೀಕು, ಆದ್ರೆ ನಮ್ಮ ಕಡೆಗೂ ಎಷ್ಟು ಚೆನ್ನಾಗಿ ಕೂರತ್ತೆ ಅಂದ್ರೆ ನಂಗೆ ಆಶ್ಚರ್ಯ. ಆಗ ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ ಇನ್ನೂ ಬದುಕಿದ್ದ, ಶಿಕಾರಿಪುರದ ಹತ್ರ ಇರೋ ಬಳ್ಳಿಗಾವಿ ಬನವಾಸಿ ನಾಡಿನ ದೊಡ್ಡ ಕೇಂದ್ರ. 1068ರಲ್ಲಿ ಅವನು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ, ನಮ್ಮ ಕೂಡ್ಲೀಲಿ ತುಂಗೆ ಭದ್ರೆ ಸೇರ್ತಾವಲ್ಲ, ಅದೇ ನೀರು. ದೊಡ್ಡ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ, ತಮ್ಮ ವಿಕ್ರಮಾದಿತ್ಯನಿಗೂ ಅವನಿಗೂ ಆಗಲಿಲ್ಲ, 1076ರಲ್ಲಿ ತಮ್ಮ ಅಣ್ಣನನ್ನ ಕೆಳಗಿಳಿಸಿ ತಾನೇ ಕೂತು ಚಾಲುಕ್ಯ ವಿಕ್ರಮ ಶಕೆ ಅಂತ ಹೊಸ ಶಕೆಯನ್ನೇ ಶುರು ಮಾಡಿದ. ಕ್ರುಸೇಡರ್ ಕಿಂಗ್ಸ್ ಅಂದ್ರೆ ಪೂರ್ತಿ ಇದೇ. ಎರಡನೇ ಮಗ ಅಣ್ಣನಿಗಿಂತ ಚುರುಕು, ಸಾಮಂತರಿಗೆ ಅವನೇ ಇಷ್ಟ, ಅಪ್ಪ ಸಾಯೋ ಮುಂಚೆ ನೀವು ಎಂತ ಮಾಡ್ತೀರಿ? ಗದ್ದೆ, ಗಣಿ, ವ್ಯಾಪಾರ ಎಲ್ಲ ಇಲ್ಲಿ ಹಿಂದೆ ಸರಿಯತ್ತೆ, ಮದುವೆ, ಮಕ್ಕಳು, ಮನಸ್ತಾಪ ಮುಂದೆ ಬರತ್ತೆ. ಮ್ಯಾಪ್ ನೋಡಿ ಹೆದರೋರಿಗೆ ಪ್ಯಾರಡಾಕ್ಸ್‌ಗೆ ಇದೇ ಒಳ್ಳೆ ಬಾಗಿಲು ಅಂತ ನಾನು ಹೇಳ್ತೀನಿ, ಯಾಕಂದ್ರೆ ಮನೆತನದ ಜಗಳ ಅರ್ಥ ಮಾಡ್ಕೊಳ್ಳೋಕೆ ಟ್ಯುಟೋರಿಯಲ್ ಬೇಕಾಗಲ್ಲ.

ಯುರೋಪಾ ಯೂನಿವರ್ಸಾಲಿಸ್ 4, ಚಿಕ್ಕದಾಗಿ ಇಯು 4, ಬೇರೆ ಪ್ರಾಣಿ. 2013ರಲ್ಲಿ ಬಂದಿದ್ದು, ಆಟ 1444ರ ನವೆಂಬರ್ 11ಕ್ಕೆ ಶುರುವಾಗಿ 1821ರ ತನಕ ಹೋಗತ್ತೆ. ವಿಜಯನಗರ ತಗೊಂಡು ಆಡ್ಬೋದು, ಇತಿಹಾಸದಲ್ಲಿ ಅದು ಇಮ್ಮಡಿ ದೇವರಾಯನ ಕಾಲ, ಉತ್ತರಕ್ಕೆ ಬಹಮನಿ, ಈಶಾನ್ಯಕ್ಕೆ ಒಡಿಶಾದ ಗಜಪತಿಗಳು. ಹೊಸಬ್ರು ಮಾಡೋದು ಒಂದೇ, ಸಿವ್ ಅಭ್ಯಾಸದಲ್ಲಿ ಬಹಮನಿ ಮೇಲೆ ಬಿದ್ದು ಸಿಕ್ಕಷ್ಟೂ ಪ್ರಾಂತ್ಯ ಬಾಚ್ಕೊಳ್ಳೋದು. ಆಮೇಲೆ ಏನಾಗತ್ತೆ ಅಂದ್ರೆ, ಗೆದ್ದ ಜಾಗ ಇನ್ನೂ ನಿಮ್ದು ಅಂತ ಪಕ್ಕಾ ಆಗಿರಲ್ಲ, ಅದನ್ನ ಪಕ್ಕಾ ಮಾಡೋಕೆ ಆಡಳಿತದ ಪಾಯಿಂಟ್ ಬೇಕು, ಆ ಪಾಯಿಂಟ್ ತಿಂಗಳಿಗೆ ಇಷ್ಟು ಅಂತ ರಾಜನ ಯೋಗ್ಯತೆ ನೋಡಿ ಬರತ್ತೆ, ಮೂಲದಲ್ಲಿ 3, ಅದಕ್ಕೆ ರಾಜನ ಅಂಕ 0ಯಿಂದ 6ರ ತನಕ, ಮೇಲೆ ಮಂತ್ರಿ ಕೊಡೋದು. ರಾಜ ದಡ್ಡ ಆದ್ರೆ ವರ್ಷಗಟ್ಲೆ ಆ ಜಾಗ ನುಂಗಲಾರದ ತುತ್ತಾಗಿ ಉಳಿಯತ್ತೆ. ಹಾಗೆ ಜೀರ್ಣ ಆಗದ ನೆಲದ ಲೆಕ್ಕ ನೂರು ಪರ್ಸೆಂಟ್ ದಾಟಿತು ಅಂದ್ರೆ ಒಂದರ ಹಿಂದೆ ಒಂದು ಕೆಟ್ಟ ಘಟನೆ, ದಂಗೆ. ಇದ್ರ ಜೊತೆಗೆ ಅಕ್ಕಪಕ್ಕದವ್ರ ಸಿಟ್ಟು ಬೇರೆ ಏರ್ತಾ ಇರತ್ತೆ, ನೀವು ತಗೊಂಡ ಜಾಗಕ್ಕೆ ಹತ್ತಿರ ಇರೋರಿಗೆ, ಅದೇ ಧರ್ಮದವ್ರಿಗೆ ಜಾಸ್ತಿ, ದೂರದವ್ರಿಗೆ ಕಮ್ಮಿ, ಅದು 50 ದಾಟಿ ಅವ್ರ ಅಭಿಪ್ರಾಯಾನೂ ಕೆಟ್ಟಿದ್ರೆ ನಿಮ್ಮ ವಿರುದ್ಧ ಒಕ್ಕೂಟ ಕಟ್ತಾರೆ. ಹಾಗಾಗಿ ಇಲ್ಲಿ ಒಳ್ಳೆ ಆಟಗಾರ ಯಾರು ಅಂದ್ರೆ ಯುದ್ಧ ಗೆಲ್ಲೋನಲ್ಲ, ಗೆದ್ದ ಮೇಲೆ ಎಷ್ಟು ಬಿಟ್ಕೊಡ್ಬೇಕು ಅಂತ ಗೊತ್ತಿರೋನು. ಆ ಸಿಟ್ಟು ಇಳಿಯೋ ತನಕ ಇನ್ನೊಂದು ದಿಕ್ಕಿಗೆ ನೋಡೋದು, ರಾಯಭಾರಿ ಕಳ್ಸೋದು, ಒಕ್ಕೂಟದಲ್ಲಿ ಸೇರೋ ಹಾಗಿರೋ ಒಬ್ಬನನ್ನ ಮೊದ್ಲೇ ಸ್ನೇಹಿತ ಮಾಡ್ಕೊಳ್ಳೋದು.

ಆದ್ರೆ ಇದೇ ಗೇಮು ಮಲ್ನಾಡಿಗೆ ಮಾಡೋ ಎರಡು ಅನ್ಯಾಯ ನಂಗೆ ಬಹಳ ಕಾಡತ್ತೆ. ಕೆಳದಿಯ ಶಿವಪ್ಪ ನಾಯಕ 1645ರಿಂದ 1660ರ ತನಕ ಬಿದನೂರಲ್ಲಿ ಕೂತು ಆಳಿದವ್ನು, ಅವನ ಶಿಸ್ತು ಇವತ್ತಿಗೂ ನಮ್ಮ ಕಡೆ ಮಾತಲ್ಲಿದೆ, ಭೂಮೀನ ಗುಣ ನೋಡಿ ದರ್ಜೆ ಮಾಡಿ, ಬೆಳೆ ಎಷ್ಟು ಬರತ್ತೆ ಅಂತ ವರ್ಷಾನುಗಟ್ಟಲೆ ಬೆಳೆಸಿ ನೋಡಿ ಕಂದಾಯ ಕಟ್ಟಿದ್ದು. ಇಯು 4ರಲ್ಲಿ ಇಷ್ಟೆಲ್ಲ ಒಂದು ಪ್ರಾಂತ್ಯದ ಮೇಲಿನ ಮೂರು ಅಂಕಿ, ತೆರಿಗೆ, ಉತ್ಪಾದನೆ, ಸೈನಿಕ ಬಲ, ಅದನ್ನ ಪಾಯಿಂಟ್ ಕೊಟ್ಟು ಒಂದು ಕ್ಲಿಕ್ಕಲ್ಲಿ ಏರಿಸ್ಬೋದು. ಅಧಿಕಾರ ಹೇಗೆ ಹರಿಯತ್ತೆ ಅಂತ ತೋರ್ಸೋ ಗೇಮು ಭೂಮೀನ ಅಳೆದವ್ನ ಕೆಲಸ ಕಾಣ್ಸಲ್ಲ. ಎರಡನೇದು ವ್ಯಾಪಾರ. ಇಯು 4ರ ವ್ಯಾಪಾರ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹರಿಯೋ ದಾರಿ, ಆ ಹರಿವಿನ ದಿಕ್ಕು ಮೊದ್ಲೇ ಗಟ್ಟಿಯಾಗಿ ಬರೆದಿಟ್ಟಿದ್ದು, ಕೊನೆಗೆ ಎಲ್ಲ ಸೇರೋದು ಇಂಗ್ಲಿಷ್ ಚಾನೆಲ್, ಜಿನೋವಾ, ವೆನಿಸ್ ಮೂರಕ್ಕೇ. ಕೆಳದಿಯವ್ರು ಹೊನ್ನಾವರ, ಮಂಗಳೂರಿನ ಬಂದರಿಗೋಸ್ಕರ ಪೋರ್ಚುಗೀಸರ ಹತ್ರ ಬಡಿದಾಡಿದ್ದು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಆ ಪೋರ್ಚುಗೀಸರೇ ಕರಿಮೆಣಸಿನ ರಾಣಿ ಅಂತ ಕರೆದಿದ್ದು ಎಲ್ಲ ಯಾಕೆ, ಬೆಲೆ ನಮ್ಮ ಕೈಲಿರಲಿ ಅಂತ ತಾನೇ. ಆಟದಲ್ಲಿ ನೀವು ಎಷ್ಟೇ ಬಲಿಷ್ಠ ಆದ್ರೂ ಆ ನೀರನ್ನ ಹಿಂದಕ್ಕೆ ತಿರುಗಿಸೋಕೆ ಆಗಲ್ಲ, ಕಟ್ಟೆ ಕಟ್ಟಿ ಹಿಡಿಯೋದಷ್ಟೇ. ಅಂದ್ರೆ ಯುರೋಪು ಶ್ರೀಮಂತ ಆಗ್ಲೇಬೇಕು ಅನ್ನೋದು ಆ ಗೇಮಿನ ಹುಟ್ಟಲ್ಲೇ ಇದೆ.

2025ರ ನವೆಂಬರಲ್ಲಿ ಬಂದ ಐದನೇ ಇಯು ಇದನ್ನ ಬದಲಾಯಿಸಿದೆ. 1337ರಲ್ಲಿ ಶುರು, ಪ್ರಾಂತ್ಯದಲ್ಲಿ ಅಂಕಿ ಬದಲು ಜನ ಇದಾರೆ, ಮಾರ್ಕೆಟ್ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಹಿಡಿತ ಅನ್ನೋ ಲೆಕ್ಕ ಇದೆ. ರಾಜಧಾನಿಯಿಂದ ದೂರ ಹೋದ ಹಾಗೆ ನಿಮ್ಮ ಹಿಡಿತ ಕಮ್ಮಿ ಆಗತ್ತೆ, ಬೆಟ್ಟ ಅಡ್ಡ ಬಂದ್ರೆ ಇನ್ನೂ ಕಮ್ಮಿ, ರಸ್ತೆ ಮಾಡಿದ್ರೆ ಸ್ವಲ್ಪ ಜಾಸ್ತಿ, ಹಿಡಿತ ಇಲ್ಲದ ಕಡೆಯಿಂದ ತೆರಿಗೆ ಬರಲ್ಲ. ಘಾಟಿ ಇಳಿದು ಹತ್ತಿದ ಯಾರಿಗೂ ಇದನ್ನ ವಿವರಿಸ್ಬೇಕಾಗಿಲ್ಲ. ಬಿದನೂರಂಥ ಬೆಟ್ಟದೊಳಗಿನ ರಾಜಧಾನೀಲಿ ಕೂತು ಕರಾವಳಿ ಬಂದರನ್ನ ಕೈಯಲ್ಲಿ ಇಟ್ಕೊಳ್ಳೋದು ಎಷ್ಟು ದೊಡ್ಡ ಕೆಲಸ ಅಂತ ಇಯು 4 ಆಡಿ ಗೊತ್ತಾಗಲ್ಲ, ಇದ್ರಲ್ಲಿ ಗೊತ್ತಾಗತ್ತೆ.

ಈಗ ವಿಕ್ಟೋರಿಯಾ 3, ನಂಗೆ ಅತಿ ಪ್ರೀತಿ ಇರೋದು ಇದ್ರ ಮೇಲೆ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. 2022ರ ಅಕ್ಟೋಬರಲ್ಲಿ ಬಂತು, ಕಾಲ 1836ರಿಂದ 1936. ಇದನ್ನ ಯುದ್ಧದ ಗೇಮ್ ಅಂತ ತಗೊಂಡ್ರೆ ಬೇಜಾರಾಗೋದು ಖಂಡಿತ, ಯುದ್ಧ ಇದ್ರಲ್ಲಿ ದುರ್ಬಲ ಭಾಗ, ಜನರಲ್‌ಗಳನ್ನ ಗಡಿಗೆ ಕಳ್ಸಿ ಕಾಯೋದಷ್ಟೇ. ಇದ್ರ ಜೀವ ಇರೋದು ಜನರಲ್ಲಿ. ದೇಶದಲ್ಲಿರೋ ಪ್ರತಿಯೊಬ್ಬರೂ ಯಾವುದೋ ಒಂದು ಗುಂಪಲ್ಲಿ ಇರ್ತಾರೆ, ಆ ಗುಂಪಿಗೆ ಕಸುಬು ಇದೆ, ಸಂಸ್ಕೃತಿ ಇದೆ, ಧರ್ಮ ಇದೆ, ಸಂಬಳ ಇದೆ, ಆ ಸಂಬಳದಲ್ಲಿ ಅವ್ರು ಅಕ್ಕಿ, ಬಟ್ಟೆ, ಕುರ್ಚಿ ಮೇಜು, ಚಹಾ ಕೊಳ್ತಾರೆ. ಕೊಳ್ಳೋರು ಜಾಸ್ತಿ ಆದ್ರೆ ಬೆಲೆ ಏರತ್ತೆ, ಮೂಲ ಬೆಲೆಗಿಂತ ಶೇಕಡಾ 75 ಮೇಲೆ ಅಥವಾ 75 ಕೆಳಗೆ, ಅಷ್ಟರೊಳಗೆ ಓಲಾಡತ್ತೆ.

ಒಂದು ಸಣ್ಣ ಸರಪಳಿ ಹತ್ತಿರದಿಂದ ನೋಡಿ. ನೀವು ಕಟ್ಟಡ ಕಟ್ಟೋ ಇಲಾಖೇನ ದೊಡ್ಡದು ಮಾಡ್ತೀರಿ. ಶುರುವಲ್ಲಿ ಅದಕ್ಕೆ ಬೇಕಾಗೋದು ಮರ ಮತ್ತು ಬಟ್ಟೆ, ಹಾಗಾಗಿ ಮರದ ಬೆಲೆ ಏರತ್ತೆ. ಮರದ ಬೆಲೆ ಏರಿದ್ರೆ ಪೀಠೋಪಕರಣ ಮಾಡೋ ಕಾರ್ಖಾನೆ ನಷ್ಟಕ್ಕೆ ಬೀಳತ್ತೆ, ಕೆಲಸದೋರನ್ನ ತೆಗೀತಾರೆ. ನೀವು ಮರ ಕಡಿಯೋ ಕ್ಯಾಂಪ್ ಹಾಕ್ತೀರಿ, ಗರಗಸದ ಮಿಲ್ ಇಟ್ರೆ ಇಳುವರಿ ಜಾಸ್ತಿ, ಆದ್ರೆ ಮಿಲ್ಲಿಗೆ ಉಪಕರಣ ಬೇಕು, ಉಪಕರಣ ಚೆನ್ನಾಗಿ ಮಾಡೋಕೆ ಕಬ್ಬಿಣ ಬೇಕು, ಗಣಿಗೆ ಪಂಪ್ ಇಟ್ರೆ ಕಲ್ಲಿದ್ದಲು ಬೇಕು. ಇಷ್ಟರಲ್ಲಿ ತನ್ನ ಪಾಡಿಗೆ ಗದ್ದೆ ಮಾಡ್ಕೊಂಡಿದ್ದ ರೈತ ಗಣಿಗೆ ಕೂಲಿಗೆ ಬಂದ, ಕೈಲಿ ಕಾಸು ಬಂತು, ಬಟ್ಟೆ ಕೊಂಡ, ಬಟ್ಟೆ ಬೆಲೆ ಏರ್ತು. ಗಣಿ ಮಾಲೀಕನ ಹತ್ರ ಲಾಭ ಸೇರ್ತು, ಅವನು ಸೇರಿರೋ ಕೈಗಾರಿಕೋದ್ಯಮಿಗಳ ಬಣಕ್ಕೆ ರಾಜಕೀಯ ತೂಕ ಬಂತು, ಜಮೀನ್ದಾರರ ತೂಕ ಇಳೀತು, ಅಲ್ಲಿ ತನಕ ಪಾಸ್ ಮಾಡೋಕೆ ಆಗದೇ ಇದ್ದ ಕಾನೂನು ಈಗ ಆಗತ್ತೆ. ನೀವು ಮಾಡಿದ್ದು ಒಂದೇ ಕ್ಲಿಕ್, ಅದರ ಫಲ ಸಂಸತ್ತಲ್ಲಿ ಕಾಣಿಸ್ಕೊಳ್ಳೋದು ಹತ್ತು ಹದಿನೈದು ವರ್ಷ ಆದ್ಮೇಲೆ. ಹೊಸಬ್ರಿಗೆ ಕಷ್ಟ ಆಗೋದು ಇದೇ, ಸಿವ್‌ನಲ್ಲಿ ಮಾಡಿದ್ದು ಮುಂದಿನ ಸರದೀಲಿ ಕಾಣತ್ತೆ, ಇಲ್ಲಿ ಕಾರಣಕ್ಕೂ ಫಲಕ್ಕೂ ನಡುವೆ ಅಷ್ಟು ದೂರ.

ಇದನ್ನ ಓದಿದ ಭದ್ರಾವತಿಯವ್ರಿಗೆ ಏನೋ ನೆನಪಾಗಿರತ್ತೆ. ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿ 1923ರಲ್ಲಿ ಕುಲುಮೆ ಹತ್ತಿಸ್ದಾಗ ಅದಿರು ಕೆಮ್ಮಣ್ಣುಗುಂಡಿಯಿಂದ, ಕಲ್ಲಿದ್ದಲು ಹತ್ತಿರ ಇಲ್ಲದ ಕಾರಣ ಉರಿಸಿದ್ದು ಮಲ್ನಾಡಿನ ಕಾಡಿನ ಇದ್ದಿಲು. ಹಾಗಾಗಿ ಕಬ್ಬಿಣಕ್ಕೆ ಮರ ಬೇಕು, ಮರಕ್ಕೆ ಟ್ರಾಮ್ ದಾರಿ ಬೇಕು, ದಾರಿಗೆ ಕಬ್ಬಿಣ ಬೇಕು. ವಿಶ್ವೇಶ್ವರಯ್ಯನವ್ರು ಕೂತು ಬಿಡಿಸ್ತಾ ಇದ್ದ ಲೆಕ್ಕ ಇದೇ ಜಾತಿದು. ವಿಕ್ಟೋರಿಯಾ 3 ಆಡ್ತಾ ಮರದ ಬೆಲೆ ನೋಡಿ ತಲೆ ಕೆಡಿಸ್ಕೊಂಡೋನಿಗೆ ಭದ್ರಾವತಿ ಭದ್ರಾವತೀಲೇ ಯಾಕೆ ಆಯ್ತು ಅನ್ನೋದು ತಾನಾಗೇ ಹೊಳಿಯತ್ತೆ.

ಇನ್ನೊಂದು ಹೇಳ್ಲೇಬೇಕು. ಆಟ ಶುರುವಾಗೋ 1836ರಲ್ಲಿ ಮೈಸೂರು ಈಸ್ಟ್ ಇಂಡಿಯಾ ಕಂಪನಿ ಕೆಳಗಿನ ಸಂಸ್ಥಾನ. ಅದಕ್ಕೆ ಐದು ವರ್ಷ ಮುಂಚೆ, 1831ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತಾನ ಬ್ರಿಟಿಷರು ಕಿತ್ಕೊಂಡಿದ್ರು, ವಾಪಸ್ ಕೊಟ್ಟಿದ್ದು 1881ಕ್ಕೆ. ಕಿತ್ಕೊಳ್ಳೋಕೆ ಅವ್ರು ಮುಂದಿಟ್ಟ ಕಾರಣ ನಮ್ಮ ನಗರದ, ಅಂದ್ರೆ ಅದೇ ಬಿದನೂರಿನ, ದಂಗೆ. ಕಂದಾಯದ ಹೊರೆ, ಅಮಲ್ದಾರರ ಕಿರುಕುಳ ತಡೀಲಾರದೆ 1830ರಲ್ಲಿ ನಗರ ಸೀಮೆ ರೈತರು ಎದ್ರು, ಕೆಳದಿ ವಂಶದವ್ನು ನಾನು ಅಂತ ಹೇಳ್ಕೊಂಡ ಬೂದಿ ಬಸವಪ್ಪನನ್ನ ಮುಂದೆ ಮಾಡ್ಕೊಂಡ್ರು. ವಿಕ್ಟೋರಿಯಾದಲ್ಲಿ ತೆರಿಗೆ ಏರಿಸೋದು ಒಂದು ಬಟನ್, ಅತಿ ಕಮ್ಮಿಯಿಂದ ಅತಿ ಜಾಸ್ತಿ ತನಕ ಐದು ಹಂತ. ಏರಿಸಿದ ತಕ್ಷಣ ಖಜಾನೆ ಹಸಿರಾಗತ್ತೆ, ಏನೂ ಆಗಿಲ್ಲ ಅನ್ಸತ್ತೆ. ನಿಧಾನಕ್ಕೆ ಜನರ ಜೀವನಮಟ್ಟ ಇಳಿದು ಒಬ್ಬೊಬ್ಬರೇ ಸಿಟ್ಟಿಗೆದ್ದೋರ ಲೆಕ್ಕಕ್ಕೆ ಸೇರ್ತಾರೆ, ಆ ಸೀಮೇಲಿ ಗಲಭೆ ಜಾಸ್ತಿ ಆದ್ರೆ ತೆರಿಗೆ ವಸೂಲಿಯೇ ಬೀಳತ್ತೆ, ಕೊನೆಗೆ ದಂಗೆ. ನಗರದ ಹೋಬಳಿಗಳಲ್ಲಿ ಆಗಿದ್ದು ಇದೇ ಕ್ರಮದಲ್ಲಿ. ಉಳಿದ ಎಷ್ಟೋ ಗೇಮಲ್ಲಿ ದಂಗೆ ಅಂದ್ರೆ ದಿಢೀರ್ ಅಂತ ಮ್ಯಾಪ್ ಮೇಲೆ ಹುಟ್ಟೋ ಶತ್ರು ಸೈನ್ಯ, ಹೊಡೆದು ಹಾಕಿ ಮುಂದೆ ಹೋಗ್ಬೋದು. ಇಲ್ಲಿ ದಂಗೆ ಎದ್ದ ಗುಂಪಿನ ಕಸುಬು ಎಂತದ್ದು, ಅವ್ರಿಗೆ ಎಂತ ಕಮ್ಮಿ ಆಗಿದೆ ಅಂತ ಹುಡುಕಿ ನೋಡ್ಬೋದು. ಇಂಥ ಗೇಮ್ ಆಡ್ಬೇಕು ಅಂತ ನಾನು ಎಲ್ರಿಗೂ ಹೇಳೋದು ಇದಕ್ಕಾಗಿಯೇ.

ಉಳಿದಿದ್ದು ಬೇಗ ಹೇಳಿ ಮುಗಿಸ್ತೀನಿ. ಹಾರ್ಟ್ಸ್ ಆಫ್ ಐರನ್ 4 ಅಂದ್ರೆ 1936ರಿಂದ ಎರಡನೇ ಮಹಾಯುದ್ಧ, ರಾಜ್ಯ ಅಂದ್ರೆ ಅಲ್ಲಿ ಬಂದೂಕು, ಎಣ್ಣೆ, ಸಾಗಾಟ, ಬೇರೆ ಏನಿಲ್ಲ. ಟೋಟಲ್ ವಾರ್‌ನಲ್ಲಿ ಮ್ಯಾಪ್ ಸರದಿ ಮೇಲೆ ನಡಿಯತ್ತೆ, ಕಾಳಗ ಮಾತ್ರ ಕಣ್ಣೆದುರೇ ಓಡತ್ತೆ, 2009ರ ಎಂಪೈರ್‌ನಲ್ಲಿ ಮೈಸೂರು ಇದೆ ಆದ್ರೆ ಅದನ್ನ ಕಂಪ್ಯೂಟರೇ ಆಡತ್ತೆ. ಏಜ್ ಆಫ್ ಎಂಪೈರ್ಸ್‌ನ ಹೆಸರಲ್ಲಿ ಸಾಮ್ರಾಜ್ಯ ಇದ್ರೂ ಅದು ಕೈಚಳಕದ ಆಟ, ಅರ್ಧ ಮುಕ್ಕಾಲು ಗಂಟೇಲಿ ಮುಗಿಯೋ ಕಾಳಗ, ಚೆನ್ನಾಗಿದೆ, ಆದ್ರೆ ಈ ಸಾಲಿಗೆ ಸೇರಲ್ಲ. ಮ್ಯಾಪ್, ಸೈನ್ಯ ಬೇಡ, ಸರ್ಕಾರ ನಡೆಸೋದಷ್ಟೇ ಬೇಕು ಅನ್ನೋರಿಗೆ ಡೆಮಾಕ್ರಸಿ 4 ಇದೆ, ಅಲ್ಲಿ ಒಬ್ಬನೇ ಮತದಾರ ರೈತನೂ ಹೌದು, ಅಪ್ಪನೂ ಹೌದು, ಗಾಡಿ ಓಡಿಸೋನೂ ಹೌದು, ಪೆಟ್ರೋಲ್ ಮೇಲೆ ತೆರಿಗೆ ಹಾಕಿದ್ರೆ ಅವನ ಒಂದು ಭಾಗ ಸಿಟ್ಟಾಗತ್ತೆ, ಆ ದುಡ್ಡಲ್ಲಿ ಶಾಲೆ ಕಟ್ಟಿದ್ರೆ ಇನ್ನೊಂದು ಭಾಗ ಖುಷಿ ಆಗತ್ತೆ. ಓದೋ ಅಭ್ಯಾಸ ಇರೋರು 2020ರ ಸುಜರೈನ್ ನೋಡಿ, ಕಾಲ್ಪನಿಕ ದೇಶದ ಅಧ್ಯಕ್ಷ ನೀವು, ಪೂರ್ತಿ ಮಾತುಕತೆ, ಸಂವಿಧಾನ ತಿದ್ದುಪಡಿಗೆ ಯಾರ ಕೈ ಹಿಡೀಬೇಕು ಅನ್ನೋದೇ ಆಟ.

ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗೋ ಊರಲ್ಲಿರೋರು ದುಡ್ಡು ಹಾಕೋ ಮುಂಚೆ ಫೋನಲ್ಲಿ ಅನ್‌ಸಿವ್ ಹಾಕ್ಕೊಳ್ಳಿ, ಸಿವ್ 5ರ ಥರಾನೇ ಇರೋ ಫ್ರೀ ಗೇಮು, ನೆಟ್ ಬೇಡ, ಹಳೆ ಫೋನಲ್ಲೂ ಓಡತ್ತೆ. ಪ್ಯಾರಡಾಕ್ಸ್ ಗೇಮ್ ಮೂಲ ಬೆಲೆ ನೋಡಿ ಮೋಸ ಹೋಗ್ಬೇಡಿ, ಡಿಎಲ್‌ಸಿ, ಅಂದ್ರೆ ಬೇರೆ ದುಡ್ಡಿಗೆ ಮಾರೋ ಹೆಚ್ಚುವರಿ ಭಾಗ, ಸೇರ್ಸಿದ್ರೆ ಬಹಳ ಆಗತ್ತೆ, ಸೇಲ್ ಕಾಯೋದೇ ಒಳ್ಳೇದು. ವಿಕ್ಟೋರಿಯಾ 3ಕ್ಕೆ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು, ಜನರ ಗುಂಪು ಹೆಚ್ಚಾದ ಹಾಗೆ ಕೊನೆಕೊನೆಗೆ ಬಹಳ ನಿಧಾನ ಆಗತ್ತೆ.

ಅದ್ರಲ್ಲಿ ಮೊದ್ಲ ಸಲ ಬೆಲ್ಜಿಯಂ ಅಥವಾ ಸ್ವೀಡನ್ ತಗೊಳ್ಳಿ, ಯುದ್ಧದ ತಂಟೆಗೆ ಹೋಗ್ದೆ ಮರ, ಉಪಕರಣ, ಕಬ್ಬಿಣ ಮೂರರ ಬೆಲೆ ಮಾತ್ರ ನೋಡ್ತಾ ಇಪ್ಪತ್ತು ವರ್ಷ ಓಡ್ಸಿ. ಅದು ಕೈಗೆ ಕೂತ ಮೇಲೆ ಮೈಸೂರು ತಗೊಳ್ಳಿ. ಈಸ್ಟ್ ಇಂಡಿಯಾ ಕಂಪನಿ ಮೂಲಕ ಬ್ರಿಟನ್ನಿನ ಮಾರ್ಕೆಟ್ಟಿಗೇ ಸೇರ್ಕೊಂಡಿರ್ತೀರಿ, ಅಲ್ಲಿಯ ಮಿಲ್ ಬಟ್ಟೆ ಎದ್ರು ನಿಮ್ಮ ನೇಕಾರ ನಿಲ್ಲೋಕೆ ಒದ್ದಾಡ್ತಾನೆ, ಹಾಗಾಗಿ ಬಟ್ಟೆಗೆ ಕೈ ಹಾಕೋ ಮುಂಚೆ ಆ ಮಾರ್ಕೆಟ್ಟಲ್ಲಿ ಯಾವ ಸಾಮಾನಿನ ಬೆಲೆ ಮೇಲಿದೆ ಅಂತ ಪಟ್ಟಿ ತೆಗೆದು ನೋಡಿ, ಅದನ್ನೇ ಮೊದ್ಲು ಬೆಳೀರಿ.